ಗುಣದಲದ ಮಾತೆ ಮತ್ತು ಕ್ರೈಸ್ತರೊಳಗಿನ ಭಿನ್ನಮತ

ಸಿಂಹಾಚಲದ ನಮ್ಮವರಿಗೆ ವಿಶಾಖಪಟ್ಟಣದ ರಾಸ್ ಗುಡ್ಡದ ಇಗರ್ಜಿ ಹತ್ತಿರ; ಆದರೆ ಜನಸಾಗರ ನೋಡಬೇಕಾದರೆ ಫೆಬ್ರವರಿ 9ರಿಂದ 11ರವರೆಗೆ ವಿಜಯವಾಡದ ಗುಣದಲಕ್ಕೇ ಹೋಗಬೇಕು. ಅಲ್ಲಿ ಮೇರಿಮಾತೆಗೆ ಹಿಂದೂಗಳೂ ಕಾಯಿ ಒಡೆಯುತ್ತಾರೆ, ಮುಡಿ ಕೊಡುತ್ತಾರೆ. ಅದೇ ಊರಿನ ಪ್ರಾಟೆಸ್ಟೆಂಟರಲ್ಲಿ ಬಹುಮಂದಿ ಮಾತ್ರ ಆ ಮೆಟ್ಟಿಲು ಹತ್ತರು. ಏಕೆ?

ಪ್ರತಿಮೆಗೆ ಅಡ್ಡಬೀಳಬಾರದೆಂದು ಮೋಶೆಯ ಹತ್ತು ಕಟ್ಟಳೆಗಳಲ್ಲಿದೆ. ದೇವರಿಗೂ ಮನುಷ್ಯರಿಗೂ ನಡುವೆ ಮಧ್ಯಸ್ಥನು ಕ್ರಿಸ್ತನೊಬ್ಬನೇ ಎಂಬುದು ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿದೆ. ಇವೆರಡು ಅವರ ಆಧಾರ. ಕಥೋಲಿಕರು ಇವನ್ನು ಅಲ್ಲಗಳೆಯುವುದಿಲ್ಲ. ಆರಾಧನೆ ದೇವರಿಗೆ ಮಾತ್ರ, ಸಂತರಿಗೆ ಸಲ್ಲುವುದು ಗೌರವ, ಪ್ರತಿಮೆಗೆ ಮಾಡಿದ ವಂದನೆ ಅದು ಯಾರದೋ ಅವರನ್ನು ಸೇರುತ್ತದೆ ಎಂದು 787ರಲ್ಲಿ ನಿಕೇಯದ ಸಭೆ ತೀರ್ಮಾನಿಸಿತು. 1563ರಲ್ಲಿ ಟ್ರೆಂಟ್ ಸಭೆ ಅದನ್ನೇ ಮತ್ತೆ ಸಾರಿತು. ನಮಗಾಗಿ ದೇವರಲ್ಲಿ ಬೇಡಿಕೊಳ್ಳೆಂದು ನೆರೆಯವನನ್ನು ಕೇಳುವುದಿಲ್ಲವೇ, ಮಾತೆಯನ್ನು ಕೇಳುವುದೂ ಹಾಗೆಯೇ ಎನ್ನುತ್ತಾರೆ. ನೆರೆಯವನು ಬದುಕಿದ್ದಾನೆ, ತೀರಿಕೊಂಡವರು ಕೇಳಿಸಿಕೊಳ್ಳುವರೆಂದು ಬೈಬಲಿನಲ್ಲಿ ಎಲ್ಲಿದೆ ಎಂಬುದು ಎದುರುಪಕ್ಷದ ಪ್ರಶ್ನೆ. ಗಂಟಿರುವುದು ಇಲ್ಲಿಯೇ, ಕಲ್ಲಿನಲ್ಲೂ ಬಣ್ಣದಲ್ಲೂ ಅಲ್ಲ.

ಪ್ರಾಟೆಸ್ಟೆಂಟರೆಲ್ಲ ಒಂದೇ ಎಂದೂ ತಿಳಿಯಬಾರದು. ಲೂಥರನು ಪ್ರತಿಮೆ ಒಡೆಯುವುದನ್ನು ಒಪ್ಪಲಿಲ್ಲ. ಜ್ಯೂರಿಕ್ ನಗರದಲ್ಲಿ 1524ರಲ್ಲಿ ಅವನ್ನೆಲ್ಲ ತೆಗೆಸಿದರು. ಮಂಗಳೂರಿನವರು 1834ರಲ್ಲಿ ಬಂದ ಬಾಸೆಲ್ ಮಿಷನ್ನಿನ ದೇವಾಲಯವನ್ನೂ ರೊಜಾರಿಯೊ ಇಗರ್ಜಿಯನ್ನೂ ಹೊಕ್ಕು ನೋಡಿದ್ದರೆ ಹೆಚ್ಚು ಹೇಳಬೇಕಾಗಿಲ್ಲ.

ಪಂಡಿತರ ವಾದ ಹಾಗಿರಲಿ. ಎರಡು ಪಂಗಡಗಳ ನಡುವೆ ಮದುವೆಯಾಗಬೇಕಾದರೆ ಕಥೋಲಿಕರು ಬಿಷಪರ ಕಡೆಯಿಂದ ಅನುಮತಿ ಪಡೆಯಬೇಕು. ಅನುಮತಿ ಸಿಕ್ಕೀತು. ಸೊಸೆ ತಂದ ಮಾತೆಯ ಪಟಕ್ಕೆ ಅತ್ತೆಯ ಮನೆಯ ಗೋಡೆಯಲ್ಲಿ ಮೊಳೆ ಹೊಡೆಯುವವರು ಯಾರು?