ಗುಂಟೆ ಲೆಕ್ಕ, ಚೀಲದ ಲೆಕ್ಕ

ಶಿರಾ ಕಡೆಯ ಮಳೆಯಾಶ್ರಿತ ಊರೊಂದರ ಪ್ರೌಢಶಾಲೆಗೆ ವಿಜ್ಞಾನ ಮೇಷ್ಟ್ರಾಗಿ ಹೋದ ನನಗೆ ಕೃಷಿ ಪಾಠವೂ ಗಂಟುಬಿತ್ತು. ಶಾಲೆಯ ಹಿಂದೆ ಜಾಲಿ ಬೆಳೆದ ಜಾಗ, ಗುದ್ದಲಿ-ಸನಿಕೆಗೆ ಬಂದ ಅಷ್ಟಿಷ್ಟು ದುಡ್ಡು, ವಾರಕ್ಕೆರಡು ಪೀರಿಯಡ್ಡು. ಮೊದಲು ತಕರಾರು ತೆಗೆದವರು ಪೋಷಕರು. "ಮಣ್ಣು ಹೊರೋ ಕೆಲಸ ಮನೇಲೇ ಐತಲ್ಲ ಸಾರ್, ಅದಕ್ಕೆ ಇಸ್ಕೂಲಿಗ್ಯಾಕೆ ಕಳಿಸ್ಬೇಕು?"

ಕೇಳಿದ್ದರಲ್ಲಿ ನ್ಯಾಯವಿತ್ತು. ಶಾಲೆಯಲ್ಲಿ ಕೈಕೆಲಸ ಕಲಿಸಬೇಕೆಂಬುದು ಹಳೆಯ ಮಾತು. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಹೇಳಿದರು, 1964-66ರ ಕೊಠಾರಿ ಆಯೋಗ 'ಕಾರ್ಯಾನುಭವ' ಎಂದಿತು, 1977ರಲ್ಲಿ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವನ್ನು ಪಠ್ಯಕ್ಕೆ ಸೇರಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವೃತ್ತಿ ಶಿಕ್ಷಣಕ್ಕೆ ಒತ್ತು ಕೊಟ್ಟಿದೆ. ಎಷ್ಟೋ ಶಾಲೆಗಳಲ್ಲಿ ಇದೆಲ್ಲ ಕೊನೆಗೆ ಅಂಗಳ ಗುಡಿಸುವುದಕ್ಕೆ, ಗಿಡಕ್ಕೆ ನೀರು ಹೊರುವುದಕ್ಕೆ ಇಳಿಯಿತು. ಪೋಷಕರ ನೆನಪಿನಲ್ಲಿದ್ದ 'ತೋಟದ ಪೀರಿಯಡ್ಡು' ಅದೇ.

ಒಂಬತ್ತನೇ ಕ್ಲಾಸಿನ ಹುಡುಗರಲ್ಲಿ ಹಲವರಿಗೆ ನೇಗಿಲು ಹಿಡಿಯಲು ಬರುತ್ತಿತ್ತು. ಕಳೆ ಕೀಳುವುದನ್ನು, ರಾಗಿ ಕೊಯ್ಯುವುದನ್ನು ಹುಡುಗಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅಳೆಯುವುದು, ಹೋಲಿಸುವುದು, ಬರೆದಿಡುವುದು ಮಾತ್ರ ಅವರ ಹೊಲದಲ್ಲಿ ರೂಢಿಯಿರಲಿಲ್ಲ. ಪಾಠ ಅಲ್ಲಿಂದ ಶುರುವಾಯಿತು.

ಮುಂಗಾರಿಗೆ ಮುಂಚೆ ಪ್ರತಿಯೊಬ್ಬರೂ ಮನೆಯಲ್ಲಿ ಬಿತ್ತನೆಗೆ ಎತ್ತಿಟ್ಟ ಬೀಜದಿಂದ ನೂರು ಕಾಳು ಎಣಿಸಿ ತರಬೇಕು. ಆರಿಸಿ ತರುವಂತಿಲ್ಲ, ಕೈಗೆ ಬಂದದ್ದು ಬಂದಂತೆ. ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ, ದಿನಾ ನೀರು ಚಿಮುಕಿಸಿ ನೆರಳಲ್ಲಿಡುವುದು. ರಾಗಿಯಾದರೆ ಎಂಟನೇ ದಿನ, ನೆಲಗಡಲೆಯಾದರೆ ಹತ್ತನೇ ದಿನ ಸುರುಳಿ ಬಿಚ್ಚಿ ಎಣಿಕೆ. ಬಾಯಿಬಿಟ್ಟ ಕಾಳೆಲ್ಲ ಲೆಕ್ಕಕ್ಕಿಲ್ಲ. ಬೇರು, ಚಿಗುರು ಎರಡೂ ನೆಟ್ಟಗಿರುವ ಸಸಿಯಷ್ಟೇ ಲೆಕ್ಕ. ಪ್ರಮಾಣಿತ ಬೀಜವೆನಿಸಿಕೊಳ್ಳಲು ನೆಲಗಡಲೆಗೆ ಕನಿಷ್ಠ 70, ರಾಗಿಗೆ 75, ಮುಸುಕಿನ ಜೋಳಕ್ಕೆ 90 ಮೊಳಕೆ ಇರಬೇಕು. ಒಬ್ಬ ಹುಡುಗನ ಮನೆಯ ನೆಲಗಡಲೆ ಅರ್ಧದಷ್ಟೂ ಹುಟ್ಟಲಿಲ್ಲ. ಮಾರನೆಯ ದಿನ ಅವರಪ್ಪ ಇನ್ನೊಂದು ಮೂಟೆಯ ಕಾಳನ್ನು ಟವೆಲಿನಲ್ಲಿ ಕಟ್ಟಿಕೊಂಡು ಗೇಟಿನ ಹತ್ತಿರ ಬಂದು ನಿಂತಿದ್ದರು: "ಇದನ್ನೂ ಒಂದ್ಸಲ ನೋಡ್ಸಿ." ಮಣ್ಣು ಹೊರುವ ಮಾತು ಅವರ ಬೀದಿಯಲ್ಲಿ ಮತ್ತೆ ಕೇಳಲಿಲ್ಲ.

ಗಣಿತದಲ್ಲಿ ಹಿಂದೆ ಬಿದ್ದವರು ಕೂಡ ಗೊಬ್ಬರದ ಲೆಕ್ಕಕ್ಕೆ ಕಿವಿ ನಿಮಿರಿಸುತ್ತಿದ್ದರು. ಮಳೆಯಾಶ್ರಿತ ರಾಗಿಗೆ ಹೆಕ್ಟೇರಿಗೆ 50 ಕಿಲೊ ಸಾರಜನಕ, 40 ಕಿಲೊ ರಂಜಕ ಎಂದು ಶಿಫಾರಸು. ಎಕರೆಗೆ ಇಳಿಸಿದರೆ ಸುಮಾರು 20 ಮತ್ತು 16 ಕಿಲೊ. ಡಿಎಪಿಯಲ್ಲಿ ರಂಜಕ ನೂರಕ್ಕೆ 46, ಸಾರಜನಕ 18. ಅಂದರೆ 35 ಕಿಲೊ ಡಿಎಪಿ ಹಾಕಿದರೆ ರಂಜಕ ಪೂರೈಸಿ, ಜೊತೆಗೆ ಆರು ಕಿಲೊ ಸಾರಜನಕವೂ ಸಿಕ್ಕಿರುತ್ತದೆ. ಉಳಿದ ಹದಿನಾಲ್ಕಕ್ಕೆ 30 ಕಿಲೊ ಯೂರಿಯಾ ಸಾಕು. ಊರಿನ ರೂಢಿ ಮಾತ್ರ ಎಕರೆಗೆ ಡಿಎಪಿ ಒಂದು ಚೀಲ, ಯೂರಿಯಾ ಒಂದು ಚೀಲ. ಅಂದರೆ 50 ಕಿಲೊ, 45 ಕಿಲೊ. ಚೀಲ ಹೊಲಿದ ಅಳತೆಗೂ ಬೆಳೆ ಬೇಡುವ ಅಳತೆಗೂ ಸಂಬಂಧವಿಲ್ಲವೆಂಬುದು ಬೋರ್ಡಿನ ಮೇಲೆಯೇ ಕಾಣುತ್ತಿತ್ತು. ಇದಕ್ಕೆ ಮೊದಲು ಮಣ್ಣು ಪರೀಕ್ಷೆ. ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಬದು, ಮರದ ನೆರಳು, ತಿಪ್ಪೆಯ ಜಾಗ ಬಿಟ್ಟು, 15 ಸೆಂಟಿಮೀಟರ್ ಆಳದ 'ವಿ' ಆಕಾರದ ಗುಂಡಿಯ ಅಂಚಿನಿಂದ ಮಣ್ಣು ಕೆರೆದು, ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಬಿಡುತ್ತಾ ಅರ್ಧ ಕಿಲೊಗೆ ಇಳಿಸುವುದು. ಹಳೆಯ ಯೂರಿಯಾ ಚೀಲದಲ್ಲಿ ತುಂಬಿ ತಂದ ಮಣ್ಣನ್ನು ಹುಡುಗರೇ ತಿರಸ್ಕರಿಸುವಷ್ಟು ಹುಷಾರಾದರು.

ಕೆಲಸ ಹಂಚುವಾಗ ಬೇರೊಂದು ತೊಡಕು ಎದುರಾಯಿತು. ಕಸಿ ಚಾಕು ತಾನಾಗಿಯೇ ಹುಡುಗರ ಕೈಗೆ, ನೀರಿನ ಬಿಂದಿಗೆ ಹುಡುಗಿಯರ ಸೊಂಟಕ್ಕೆ. ಗೊಬ್ಬರದ ಮಂಕರಿ ಯಾರ ತಲೆಗೆ ಬರುತ್ತದೆ ಎಂಬುದರಲ್ಲಿ ಕೇರಿಯ ಲೆಕ್ಕವೂ ಇತ್ತು. ಬುದ್ಧಿ ಹೇಳಿದರೆ ಕದಲುವ ವಿಷಯವಲ್ಲ ಇದು. ಸರದಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದ ಮೇಲೆ ಎಲ್ಲರಿಗೂ ಎಲ್ಲವೂ ಬಂತು. ಮಾವಿನ ಕಸಿಗೆ ಕಡ್ಡಿಯ ಎಲೆಗಳನ್ನು ಎಂಟು-ಹತ್ತು ದಿನ ಮುಂಚೆಯೇ ಸವರಿರಬೇಕು, ಆಗ ತುದಿಮೊಗ್ಗು ಉಬ್ಬಿರುತ್ತದೆ. ಬೆಣೆಯನ್ನು ಒಂದೇ ಎಳೆತಕ್ಕೆ ಕೆತ್ತಬೇಕು. ಎರಡು ಸಲ ಕೆತ್ತಿದರೆ ಮೇಲ್ಮೈ ತರಿಯಾಗಿ ಕಡ್ಡಿ-ಬುಡ ಕೂಡುವುದಿಲ್ಲ. ಕೂಡಿದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿದು, ತೇವ ಆರದಂತೆ ಐಸ್‌ಕ್ಯಾಂಡಿ ಕವರಿನ ಟೊಪ್ಪಿ.

ಶಾಲೆಯ ಕ್ಯಾಲೆಂಡರು ಬೆಳೆಯ ಮಾತು ಕೇಳುವುದಿಲ್ಲ. ನೆಲಗಡಲೆ ಕೀಳುವ ಹೊತ್ತಿಗೆ ದಸರಾ ರಜೆ, ಸಸಿಗಳಿಗೆ ನೀರು ಬೇಕಾದ ಏಪ್ರಿಲ್-ಮೇನಲ್ಲಿ ಶಾಲೆಗೆ ಬೀಗ. ಹಾಗಾಗಿ ಶಾಲೆಯ ಮಡಿಗಳಲ್ಲಿ ಮೆಂತ್ಯ, ದಂಟು, ಮೂಲಂಗಿಯಂಥ ಬೇಗ ಕೈಗೆ ಬರುವ ಬೆಳೆ ಮಾತ್ರ. ದೊಡ್ಡ ಬೆಳೆಯ ಪಾಠ ಅವರವರ ಹೊಲದಲ್ಲಿ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ರೂಫಸ್ ಸ್ಟಿಮ್‌ಸನ್ 1908ರಿಂದಲೇ ಇದನ್ನು ಮಾಡಿ ತೋರಿಸಿದ್ದ: ವಿದ್ಯಾರ್ಥಿ ಮನೆಯ ಹೊಲದಲ್ಲಿ ಬೆಳೆ ತೆಗೆದು ಲೆಕ್ಕದ ಪುಸ್ತಕ ಬರೆಯಬೇಕು, ಮೇಷ್ಟ್ರು ಹೊಲಕ್ಕೆ ಹೋಗಿ ನೋಡಬೇಕು. ನಮ್ಮ ಹತ್ತಿರದ ಮಾದರಿ ಪುಣೆ ಜಿಲ್ಲೆಯ ಪಾಬಳದ ವಿಜ್ಞಾನ ಆಶ್ರಮ. 1983ರಲ್ಲಿ ಡಾ. ಎಸ್. ಎಸ್. ಕಲಬಾಗ್ ಶುರುಮಾಡಿದ ಅಲ್ಲಿನ ಕ್ರಮದಲ್ಲಿ ಹೈಸ್ಕೂಲು ಮಕ್ಕಳು ವಾರಕ್ಕೊಂದು ದಿನ ವೆಲ್ಡಿಂಗು, ವೈರಿಂಗು, ಕೃಷಿ, ಪಶುಪಾಲನೆ ಕಲಿಯುತ್ತಲೇ ಊರಿಗೆ ಬೇಕಾದ ಕೆಲಸವನ್ನೂ ಮಾಡಿಕೊಡುತ್ತಾರೆ.

ಇದರಿಂದ ಮುಂದೇನು ಎಂದು ಕೇಳುವವರಿಗೆ ಒಂದು ನೇರ ಉತ್ತರವಿದೆ. ಕರ್ನಾಟಕದಲ್ಲಿ ಕೃಷಿ ಪದವಿಗೆ ರೈತರ ಮಕ್ಕಳ ಕೋಟಾದಡಿ ಸೀಟು ಬಯಸುವವರಿಗೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಗೊಬ್ಬರ, ಕಳೆ, ಉಪಕರಣ ಎದುರಿಗಿಟ್ಟು ಗುರುತಿಸು ಎನ್ನುತ್ತಾರೆ. ಗೋಣಿತಾಟಿನ ಮೇಲೆ ಕಾಳು ಎಣಿಸಿದವರಿಗೆ ಅದು ಕಷ್ಟವಲ್ಲ.

ಎಲ್ಲಕ್ಕಿಂತ ಹೆಚ್ಚು ಗದ್ದಲ ಎಬ್ಬಿಸಿದ್ದು ಮಾತ್ರ ಲೆಕ್ಕದ ಪುಸ್ತಕ. ಒಬ್ಬ ಹುಡುಗಿ ಹತ್ತು ಗುಂಟೆ ರಾಗಿಯ ಖರ್ಚು ಬರೆದಳು: ಬೀಜ, ಗೊಬ್ಬರ, ಉಳುಮೆ ಬಾಡಿಗೆ, ಒಕ್ಕಣೆ. ಲಾಭ ಕಂಡಿತು. ಅವಳ ಅಮ್ಮ ಕಳೆ ಕಿತ್ತ, ಕೊಯ್ದ ದಿನಗಳಿಗೆ ಊರಿನ ಕೂಲಿ ದರ ಹಚ್ಚಿದಾಗ ಲಾಭ ಮಾಯವಾಯಿತು. "ಮನೆಯೋರಿಗೆ ಯಾರಾದ್ರೂ ಕೂಲಿ ಕೊಡ್ತಾರಾ?" ಎಂದು ಅವರಪ್ಪ ಸಿಟ್ಟಾದರು, ತರಗತಿಯೂ ಎರಡು ಪಂಗಡವಾಯಿತು. ಬೆಂಬಲ ಬೆಲೆ ಶಿಫಾರಸು ಮಾಡುವ ಕೇಂದ್ರದ ಕೃಷಿ ವೆಚ್ಚ ಮತ್ತು ಬೆಲೆ ಆಯೋಗವೇ 'ಎ2+ಎಫ್‌ಎಲ್' ಲೆಕ್ಕದಲ್ಲಿ ಮನೆಯವರ ದುಡಿಮೆಗೆ ಬೆಲೆ ಕಟ್ಟುತ್ತದೆ ಎಂದು ತಿಳಿದ ಮೇಲೆ, ಎಲ್ಲರ ಪುಸ್ತಕದಲ್ಲೂ ಅದಕ್ಕೊಂದು ಕಾಲಂ ಬಂತು. ಮುಂದಿನ ವಾರ ಹುಡುಗಿಯರು ಹೊಸ ಪ್ರಶ್ನೆ ತಂದರು: ಅಮ್ಮನಿಗೆ ಹಾಕಬೇಕಾದ್ದು ಹೆಣ್ಣಾಳಿನ ದರವೋ, ಗಂಡಾಳಿನ ದರವೋ?