ಹಳೆ ಲೇತ್, ಎರೆಮಣ್ಣಿನ ನೆಲ

ಪ್ರಶ್ನೆ: ಹರಿಹರದ ಕಿರ್ಲೋಸ್ಕರ್ ಲೇತ್ ಒಂದು ಗುಜರಿಯಲ್ಲಿ ಸಿಕ್ಕಿದೆ. ನಾಲ್ಕೂವರೆ ಅಡಿ ಬೆಡ್ಡು, ಹೊಸ ಬಣ್ಣ ಹೊಡೆದಿದ್ದಾರೆ. ಮನೆಯ ಕಾರ್ ಶೆಡ್ಡಿನಲ್ಲಿ ಕೂರಿಸಬೇಕು. ನೆಲಕ್ಕೆ ಟೈಲ್ಸ್ ಇದೆ. ಬೇಸಿಗೆಯಲ್ಲಿ ಶೆಡ್ಡಿನ ಗೋಡೆ ಸ್ವಲ್ಪ ಬಿರಿಯುತ್ತದೆ. ತೊಂದರೆಯಿಲ್ಲ ತಾನೆ?
— ಓದುಗರು, ಕಂಪ್ಲಿ

ಉತ್ತರ: ಬಣ್ಣ ನೋಡಿ ಲೇತ್ ಕೊಳ್ಳಬೇಡಿ. ಮೈಸೂರು ಕಿರ್ಲೋಸ್ಕರ್ 1941ರಲ್ಲಿ ಹರಿಹರದಲ್ಲಿ ಶುರುವಾದ ಕಾರ್ಖಾನೆ, ಅದರ ಎರಕ ಒಳ್ಳೆಯದು. ಆದರೆ ಅದು ಮುಚ್ಚಿ ಬಹಳ ಕಾಲವಾಯಿತು, ಗೇರು ಬೇಕೆಂದರೆ ಇನ್ನೊಂದು ಹಳೆ ಲೇತೇ ಗತಿ. ಚೇಂಜ್ ಗೇರುಗಳ ಪೂರ್ತಿ ಸೆಟ್ ಇಲ್ಲದಿದ್ದರೆ ಬೆಲೆ ಇಳಿಸಿ ಕೇಳಿ.

ಬೆಡ್ಡಿನ ಪರೀಕ್ಷೆ ಸುಲಭ. ಸ್ಯಾಡಲನ್ನು ಚಕ್ಕಿನ ಬಳಿ ತಂದು, ಅಲುಗದ ಹಾಗೆ ಗಿಬ್ ಬಿಗಿ ಮಾಡಿ. ಆಮೇಲೆ ಟೇಲ್‌ಸ್ಟಾಕ್ ಕಡೆಗೆ ತಿರುಗಿಸಿಕೊಂಡು ಹೋಗಿ. ಅರ್ಧ ದಾರಿಯಲ್ಲೇ ಸಿಕ್ಕಿಕೊಂಡರೆ ಚಕ್ಕಿನ ಬಳಿ ಬೆಡ್ಡು ಸವೆದಿದೆ ಎಂದರ್ಥ. ಸ್ವಲ್ಪ ಬಿಗಿಯಾದರೆ ಪರವಾಗಿಲ್ಲ, ಹಳೆಯದು ಅಂದಮೇಲೆ ಅಷ್ಟು ಇದ್ದೇ ಇರುತ್ತದೆ. ಕಲ್ಲಿನಂತೆ ನಿಂತರೆ ಬಿಟ್ಟುಬಿಡಿ. ಮೋಟರು, ಚಕ್ಕು, ಬೇರಿಂಗು ದುಡ್ಡಿಗೆ ಸಿಗುತ್ತವೆ. ಬೆಡ್ಡು ಗ್ರೈಂಡಿಂಗ್ ಮಾಡಿಸುವ ಖರ್ಚಿನಲ್ಲಿ ಇನ್ನೊಂದು ಲೇತ್ ಬರುತ್ತದೆ.

ನಿಮ್ಮ ಪತ್ರದಲ್ಲಿ ನನಗೆ ಚಿಂತೆ ತಂದದ್ದು ಗೋಡೆಯ ಬಿರುಕು. ಅದು ಎರೆಮಣ್ಣಿನ ಗುರುತು. ಕಾಲುವೆಗೆ ನೀರು ಬಿಟ್ಟು ಗದ್ದೆ ನಾಟಿಯಾದಾಗ ಮಣ್ಣು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಲೇತ್ ಎಷ್ಟೇ ಭಾರವಿರಲಿ, ಉದ್ದನೆಯ ಬೆಡ್ಡು ತಿರುಚಿಕೊಳ್ಳುತ್ತದೆ. ಕಣ್ಣಿಗೆ ಕಾಣದ ಆ ತಿರುಚು ಕೆಲಸದಲ್ಲಿ ಕಾಣುತ್ತದೆ: ಶಾಫ್ಟಿನ ಒಂದು ತುದಿ ದಪ್ಪ, ಒಂದು ತುದಿ ಸಣ್ಣ.

ಆದ್ದರಿಂದ ಟೈಲ್ಸ್ ತೆಗೆಸಿ. ಲೇತ್ ನಿಲ್ಲುವ ಜಾಗದಲ್ಲಿ ಎರಡೂವರೆ–ಮೂರು ಅಡಿ ಎರೆಮಣ್ಣು ಎತ್ತಿಸಿ, ಗರಸು ತುಂಬಿ, ಪದರ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆಸಿ. ಮೇಲೆ ಕಬ್ಬಿಣ ಕಟ್ಟಿ ಆರು ಇಂಚು ಕಾಂಕ್ರೀಟ್, ಗೋಡೆಗೆ ತಾಗದಂತೆ. ಮೇಸ್ತ್ರಿ "ಒಂದು ವಾರ ಸಾಕು ಸಾರ್" ಎಂದರೂ ಮೂರು ವಾರ ನೀರುಣಿಸಿ. ಲೇತನ್ನು ನೆಲಕ್ಕೆ ಬಿಗಿದುಬಿಡಬೇಡಿ, ನಾಲ್ಕು ಮೂಲೆಗೂ ಲೆವೆಲಿಂಗ್ ಬೋಲ್ಟ್ ಇರಲಿ. ಮೇಸ್ತ್ರಿಯ ಮಟ್ಟಗೋಲು ಇಲ್ಲಿ ನಡೆಯದು, ಮೀಟರಿಗೆ 0.02 ಮಿ.ಮೀ. ತೋರಿಸುವ ಲೆವೆಲ್ಲನ್ನು ಯಾವುದಾದರೂ ವರ್ಕ್‌ಶಾಪಿನಿಂದ ಕೇಳಿ ತನ್ನಿ.

ಕೊನೆಯ ತೀರ್ಪು ಟರ್ನಿಂಗಿನದು. ಎರಡಿಂಚು ದಪ್ಪದ ಸರಳನ್ನು ಚಕ್ಕಿನಲ್ಲಿ ಮಾತ್ರ ಹಿಡಿದು, ಟೇಲ್‌ಸ್ಟಾಕ್ ಕೊಡದೆ, ಆರಿಂಚು ಅಂತರದಲ್ಲಿ ಎರಡು ಉಂಗುರ ಬಿಟ್ಟು ನಡುವಿನದನ್ನು ತಗ್ಗಿಸಿ. ಎರಡೂ ಉಂಗುರದ ಮೇಲೆ ಒಂದೇ ಸೆಟ್ಟಿಂಗಿನಲ್ಲಿ ತೀರ ಹಗುರವಾಗಿ ಟೂಲ್ ಓಡಿಸಿ, ಮೈಕ್ರೋಮೀಟರ್ ಹಿಡಿಯಿರಿ. ಹೊರತುದಿಯ ಉಂಗುರ ದಪ್ಪ ಬಂದರೆ, ಟೇಲ್‌ಸ್ಟಾಕ್ ಕಡೆಯಲ್ಲಿ ನೀವು ನಿಲ್ಲುವ ಬದಿಯ ಬೋಲ್ಟನ್ನು ಚೂರು ಏರಿಸಿ; ಸಣ್ಣ ಬಂದರೆ ಹಿಂಬದಿಯದನ್ನು. ಕಾಲುವೆಗೆ ನೀರು ಬಂದಮೇಲೊಮ್ಮೆ, ಬೇಸಿಗೆ ಬಲಿತಾಗೊಮ್ಮೆ ಇದನ್ನೇ ಮತ್ತೆ ಮಾಡಿ.

ಪ್ರಶ್ನೆ: ಮನೆಯಲ್ಲಿ ಸಿಂಗಲ್ ಫೇಸ್ ಮಾತ್ರ. ಲೇತಿಗೆ ಎರಡು ಎಚ್.ಪಿ. ತ್ರೀ ಫೇಸ್ ಮೋಟರಿದೆ. ಬದಲಿಸಬೇಕೆ? ಲಾರಿಯಿಂದ ಇಳಿಸುವುದು ಹೇಗೆ?
— ಓದುಗರು, ಹೊಸಪೇಟೆ

ಉತ್ತರ: ಬದಲಿಸಬೇಕಿಲ್ಲ, ಸಿಂಗಲ್ ಫೇಸಿನಲ್ಲಿ ಓಡುವ ವಿ.ಎಫ್.ಡಿ. ಹಾಕಿ. ಒಂದು ತೊಡಕಿದೆ. ಇಷ್ಟು ಸಣ್ಣ ಮೋಟರುಗಳು ನಮ್ಮಲ್ಲಿ ಸಾಮಾನ್ಯವಾಗಿ 415 ವೋಲ್ಟಿಗೆ ಸ್ಟಾರ್ ಜೋಡಣೆಯವು. ಇಂಥ ಡ್ರೈವ್ ಕೊಡುವುದು 230. ಟರ್ಮಿನಲ್ ಪೆಟ್ಟಿಗೆಯಲ್ಲಿ ಆರು ತುದಿ ಇದ್ದರೆ ಡೆಲ್ಟಾ ಮಾಡಿ. ಮೂರೇ ಇದ್ದರೆ ವೈಂಡಿಂಗ್ ಅಂಗಡಿಯವರಿಂದ ಒಳಗಿನ ಸ್ಟಾರ್ ಗಂಟು ಬಿಡಿಸಿ ಆರೂ ತುದಿ ಹೊರಗೆ ತರಿಸಿ. ಚಕ್ಕು ತಿರುಪಿನಿಂದ ಕೂರುವ ಹಳೆ ಸ್ಪಿಂಡಲ್ ಆದರೆ ಡ್ರೈವಿನ ದಿಢೀರ್ ಬ್ರೇಕು, ರಿವರ್ಸು ಎರಡನ್ನೂ ಬಂದ್ ಮಾಡಿಡಿ. ಚಕ್ಕು ಬಿಚ್ಚಿಕೊಂಡು ಎಗರಿದರೆ ಮುಂದೆ ನಿಂತವರ ಕಥೆ ಮುಗಿಯಿತು. ಅರ್ಥಿಂಗ್ ಬೇರೆಯಾಗಿ ಮಾಡಿಸಿ. ಕೂಲಿ ಕೆಲಸ ಹಿಡಿಯುವ ಯೋಚನೆಯಿದ್ದರೆ ಮೊದಲೇ ಜೆಸ್ಕಾಂನಲ್ಲಿ ಕೈಗಾರಿಕಾ ಸಂಪರ್ಕ ಕೇಳಿ.

ಇಳಿಸಲು ಚೈನ್ ಬ್ಲಾಕ್ ಬಾಡಿಗೆಗೆ ತಂದರೆ ಕೊಂಡಿ ಕೊಂಡಿಯನ್ನೂ ಒರೆಸಿ ನೋಡಿ. ಕೊಂಡಿ ಕಡಿದರೆ ಏನಾಗುತ್ತದೆಂದು 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಕೊಚ್ಚಿಹೋದಾಗ ನಿಮ್ಮೂರೇ ನೋಡಿದೆ. ಹೆಡ್‌ಸ್ಟಾಕ್ ಕಡೆಯೇ ಭಾರ ಹೆಚ್ಚು, ಆದ್ದರಿಂದ ಸ್ಯಾಡಲ್, ಟೇಲ್‌ಸ್ಟಾಕ್ ಎರಡನ್ನೂ ಬಲತುದಿಗೆ ತಳ್ಳಿ ಬಿಗಿಮಾಡಿ. ಎತ್ತುವ ಬೆಲ್ಟನ್ನು ಬೆಡ್ಡಿನ ಅಡಿಯಿಂದ ತನ್ನಿ. ಸ್ಪಿಂಡಲ್, ಲೀಡ್ ಸ್ಕ್ರೂಗೆ ಸುತ್ತಬೇಡಿ.

ಪ್ರಶ್ನೆ: ಹಂಪಿಯ ಕಂಬಗಳನ್ನೂ ಲೇತಿನಲ್ಲೇ ಮಾಡಿದ್ದೆಂದು ಪ್ರವಾಸಿಗರೊಬ್ಬರು ವಾದಿಸಿದರು. ನಿಜವೆ?
— ಓದುಗರು, ಕಮಲಾಪುರ

ಉತ್ತರ: ಇಲ್ಲಿನ ಕಣಶಿಲೆಯ ಕಂಬ ಉಳಿಯ ಕೆಲಸ. ತಿರುಗಿಸಿ ಕಡೆದ ಕಂಬ ನೋಡಬೇಕೆಂದರೆ ಅವರನ್ನು ಲಕ್ಕುಂಡಿಗೆ ಕಳಿಸಿ, ಅಲ್ಲಿಯದು ಮೆತ್ತನೆಯ ಬಳಪದ ಕಲ್ಲು.

ಪ್ರಶ್ನೆ: ನಮ್ಮ ಮನೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿದೆ. ಬೆಡ್ಡಿನ ಮೇಲೆ ದಿನಾ ಕೆಂಪು ದೂಳು. ಗ್ರೀಸ್ ಬಳಿದಿಡಲೇ?
— ಓದುಗರು, ಸಂಡೂರು

ಉತ್ತರ: ಖಂಡಿತ ಬೇಡ. ಆ ದೂಳು ಹೆಮಟೈಟ್, ಬೆಡ್ಡಿನ ಎರಕವನ್ನೇ ತಿನ್ನುವಷ್ಟು ಗಡಸು. ಗ್ರೀಸಿಗೆ ಸೇರಿದರೆ ಬೆಡ್ಡಿಗೆ ಸಾಣೆ ಹಿಡಿದಂತೆ. ಕಂಪ್ರೆಸರ್ ಗಾಳಿಯನ್ನೂ ಬಿಡಬೇಡಿ, ದೂಳು ಸ್ಯಾಡಲಿನ ಅಡಿಗೆ ನುಗ್ಗುತ್ತದೆ. ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, 68 ನಂಬರಿನ ಸ್ಲೈಡ್‌ವೇ ಆಯಿಲ್ ತೆಳ್ಳಗೆ ಸವರಿ. ಸ್ಯಾಡಲಿನ ನಾಲ್ಕು ತುದಿಯ ಫೆಲ್ಟ್ ಒರೆಸುಪಟ್ಟಿ ಹಳೆ ಲೇತುಗಳಲ್ಲಿ ಹೆಚ್ಚಾಗಿ ಮಾಯವಾಗಿರುತ್ತದೆ. ಮೊದಲು ಅದನ್ನು ಹಾಕಿಸಿ. ಮುಚ್ಚಲು ತಾಡಪಾಲು ಬೇಡ, ಒಳಗೆ ಬೆವತು ತುಕ್ಕು ಬರುತ್ತದೆ. ಹಳೆ ಜಮಖಾನ ಸಾಕು, ಆದರೆ ಅದನ್ನು ಲೇತಿನ ಮೇಲೆಯೇ ಕೊಡವಬೇಡಿ.