ಉಳಿತಾಯದ ಲೆಕ್ಕ ಮತ್ತು ಊರಿನ ಶಾಲೆ

ಮನೆಯ ಖರ್ಚನ್ನು ಹಿರಿಯರು ಹೇಗೆ ತೂಗಿಸುವರೋ ಹಾಗೆಯೇ ರಾಜ್ಯದ ಖರ್ಚನ್ನು ಸರಕಾರವು ತೂಗಿಸಬೇಕಾಗುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಇಬ್ಬರಿಗೂ ಸಲ್ಲುತ್ತದೆ. ಆದಾಯ ಸಾಲದಾದಾಗ ಸರಕಾರವು ಸಾಮಾನ್ಯವಾಗಿ ಮೂರು ದಾರಿಗಳನ್ನು ಹಿಡಿಯುತ್ತದೆ. ಮೂರಕ್ಕೂ ಉದಾಹರಣೆಗಳು ನಮ್ಮ ಮಹಾರಾಷ್ಟ್ರದಲ್ಲಿಯೇ ಇವೆ.

ಮೊದಲನೆಯದು, ಕೆಲಸವನ್ನು ಖಾಸಗಿಯವರಿಗೆ ವಹಿಸುವುದು. ಇದಕ್ಕೆ ಖಾಸಗೀಕರಣವೆನ್ನುವರು. ಕೊಲ್ಲಾಪುರ ನಗರದಲ್ಲಿ ಸುಮಾರು 50 ಕಿ.ಮೀ. ರಸ್ತೆಗಳನ್ನು ಒಂದು ಖಾಸಗಿ ಕಂಪನಿಯು ತನ್ನ ಹಣದಿಂದ ಮಾಡಿ, ಅದನ್ನು ಟೋಲ್ ಮೂಲಕ ತಿರುಗಿ ಪಡೆಯಬೇಕೆಂದು ಕರಾರಾಯಿತು. 2013ರಲ್ಲಿ ವಸೂಲಿ ಆರಂಭವಾದಾಗ ಜನರು ದೊಡ್ಡ ಚಳವಳಿ ಹೂಡಿದರು. 2015ರ ಕೊನೆಗೆ ಸರಕಾರವು ಟೋಲ್ ರದ್ದುಪಡಿಸುವುದಾಗಿ ಸಾರಿತು. ಕಂಪನಿಗೆ ಪರಿಹಾರ ಕೊಡುವ ಭಾರವು ಸರಕಾರದ ಬೊಕ್ಕಸದ ಮೇಲೆಯೇ ಬಂದಿತು.

ಎರಡನೆಯದು, ಕಾಯಂ ನೌಕರರ ಬದಲು ಗುತ್ತಿಗೆಯ ನೇಮಕ. ಖಾಸಗಿ ಸಂಸ್ಥೆಗಳ ಮೂಲಕ ಇಂಥ ನೇಮಕ ಮಾಡುವ ಆದೇಶವು 2023ರ ಸಪ್ಟೆಂಬರದಲ್ಲಿ ಹೊರಬಿದ್ದು, ವಿರೋಧದಿಂದಾಗಿ ಅಕ್ಟೋಬರದಲ್ಲಿ ರದ್ದಾಯಿತು.

ಮೂರನೆಯದು, ಚಿಕ್ಕ ಸಂಸ್ಥೆಗಳನ್ನು ಕೂಡಿಸುವುದು. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಒಂದುಗೂಡಿಸಿ ಸಮೂಹ ಶಾಲೆ ಮಾಡುವ ವಿಚಾರವನ್ನು 2023ರಲ್ಲಿಯೇ ಶಿಕ್ಷಣ ಇಲಾಖೆಯು ಮುಂದಿಟ್ಟಿತು. ರಾಜ್ಯದಲ್ಲಿ ಅಂಥ ಶಾಲೆಗಳು ಆಗ 15 ಸಾವಿರದ ಹತ್ತಿರ ಇದ್ದವು.

ಇದರಲ್ಲಿ ಒಳಿತಿಲ್ಲವೆನ್ನಲಾಗದು. ದೊಡ್ಡ ಶಾಲೆಯಲ್ಲಿ ತರಗತಿಗೊಬ್ಬ ಗುರುಗಳು, ಆಟದ ಬಯಲು, ಪ್ರಯೋಗಾಲಯ ಸಿಗಬಹುದು. ಆದರೆ ಲೆಕ್ಕದ ಇನ್ನೊಂದು ಬದಿಯನ್ನೂ ನೋಡಬೇಕು. ಒಂದು ವಸ್ತಿಯ ಶಾಲೆ ಮುಚ್ಚಿತು, 15 ಮಕ್ಕಳು ದೂರ ಹೋಗಬೇಕಾಯಿತು, ಒಬ್ಬರಿಗೆ ದಿನಕ್ಕೆ 20 ರೂಪಾಯಿ ವಾಹನದ ಖರ್ಚು ಬಂದಿತೆಂದು ತಿಳಿಯೋಣ. ದಿನಕ್ಕೆ 300 ರೂಪಾಯಿ. 200 ದಿನಗಳಿಗೆ 60,000 ರೂಪಾಯಿ. ಈ ಖರ್ಚನ್ನು ಸರಕಾರ ಕೊಡದಿದ್ದರೆ ಅದು ಉಳಿತಾಯವಲ್ಲ. ಬೊಕ್ಕಸದಿಂದ ಪಾಲಕರ ಕಿಸೆಗೆ ದಾಟಿದ ಭಾರ. ಹಣವಿಲ್ಲದ ಮನೆಯಲ್ಲಿ ಮೊದಲು ಶಾಲೆ ಬಿಡುವವಳು ಹೆಚ್ಚಾಗಿ ಹೆಣ್ಣುಮಗಳೇ.

ನಮ್ಮ ಜತ್ತ ತಾಲೂಕಿನಲ್ಲಿ ಇನ್ನೊಂದು ಮಾತುಂಟು. ಇದು ಬರಗಾಲದ ನಾಡು. ಕಬ್ಬು ಕಡಿಯಲು ಕುಟುಂಬಗಳು ಊರು ಬಿಟ್ಟಾಗ ಶಾಲೆಯ ಹಾಜರಿ ಇಳಿಯುತ್ತದೆ. ಇಲ್ಲಿ ಕನ್ನಡ ಮಾಧ್ಯಮದ ಶಾಲೆಗಳೂ ಮರಾಠಿ ಮಾಧ್ಯಮದ ಶಾಲೆಗಳೂ ಇವೆ. ಚಿಕ್ಕ ಕನ್ನಡ ಶಾಲೆಯೊಂದು ಮುಚ್ಚಿ, ಹತ್ತಿರ ಬೇರೆ ಕನ್ನಡ ಶಾಲೆ ಇಲ್ಲದಿದ್ದರೆ, ಮಗುವು ಶಾಲೆಯ ಜೊತೆಗೆ ತಾಯ್ನುಡಿಯ ಪಾಠವನ್ನೂ ಕಳೆದುಕೊಳ್ಳುತ್ತದೆ.

ಕಾಯದೆಯು ಇಲ್ಲಿ ನಮಗೆ ಆಸರೆಯಾಗಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಶಿಕ್ಷಣದ ಅನುಕೂಲ ಮಾಡಿಕೊಡಲು ರಾಜ್ಯಗಳು ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿಯು ಹೇಳುತ್ತದೆ. 2009ರ ಶಿಕ್ಷಣ ಹಕ್ಕು ಕಾಯದೆಯ ಮೇರೆಗೆ 6ರಿಂದ 14 ವಯಸ್ಸಿನ ಮಕ್ಕಳಿಗೆ ನೆರೆಯ ಶಾಲೆಯಲ್ಲಿ ಉಚಿತ ಶಿಕ್ಷಣ ದೊರೆಯಬೇಕು. ಸರಕಾರಿ ಶಾಲೆಯ ವ್ಯವಸ್ಥಾಪನ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ ಇರಬೇಕು.

ಆದುದರಿಂದ ಪಾಲಕರು ಈ ಸಮಿತಿಯ ಸಭೆಗೂ ಗ್ರಾಮಸಭೆಗೂ ತಪ್ಪದೆ ಹೋಗಬೇಕು. ಯಾವ ಸುಧಾರಣೆ ಬಂದರೂ ಮೂರು ಪ್ರಶ್ನೆ ಕೇಳಬೇಕು: ಉಳಿಯುವ ಹಣವೆಷ್ಟು? ಆ ಭಾರ ಯಾರ ಮೇಲೆ ಬೀಳುವುದು? ಕೆಲಸ ಕೆಟ್ಟರೆ ಉತ್ತರ ಕೊಡುವವರು ಯಾರು? ವಿದ್ಯಾರ್ಥಿಗಳೂ ತಮ್ಮ ಊರಿನ ಒಂದು ಸೇವೆಯನ್ನು ಆರಿಸಿಕೊಂಡು ಈ ಪ್ರಶ್ನೆಗಳಿಗೆ ಉತ್ತರ ಬರೆದು ನೋಡಲಿ. ನಾಗರಿಕ ಶಾಸ್ತ್ರದ ನಿಜವಾದ ಅಭ್ಯಾಸವು ಇದೇ ಆಗಿದೆ.